ಹ್ಯಾಲೋವೀನ್‌ಗೆ ಬಣ್ಣ, ಕಾಗದ, ಕತ್ತರಿ: ಮಕ್ಕಳೊಂದಿಗೆ ಮನೆಮಂದಿಗೆಲ್ಲ ಒಂದು ಸಮಗ್ರ ಮಾರ್ಗದರ್ಶಿ

ಸೆಪ್ಟೆಂಬರ್ ಮುಗಿಯುವ ಮೊದಲೇ ಅಮೆರಿಕ, ಕೆನಡಾಗಳ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರಗಳು, ಗಾಳಿ ತುಂಬಿ ನಿಲ್ಲಿಸುವ ದೆವ್ವಗಳು ಸಾಲುಗಟ್ಟುತ್ತವೆ. ಅಕ್ಟೋಬರ್ 31ರ ಒಂದು ರಾತ್ರಿಗಾಗಿ ಕೊಂಡ ಆ ಸಾಮಾನು ವರ್ಷವೆಲ್ಲ ಗ್ಯಾರೇಜಿನಲ್ಲಿ ಜಾಗ ತಿನ್ನುತ್ತದೆ. ಮಕ್ಕಳಿಗಂತೂ ಅದರಲ್ಲಿ ಮಾಡಲು ಕೆಲಸವೇ ಇರುವುದಿಲ್ಲ, ನೋಡಬೇಕು ಅಷ್ಟೆ. ಕಾಗದದ ಅಲಂಕಾರದಲ್ಲಿ ಎಲ್ಲರಿಗೂ ಕೆಲಸವಿದೆ. ಮೂರು ವರ್ಷದ ಮಗು ಬಣ್ಣ ಹಚ್ಚಬಹುದು, ಏಳು ವರ್ಷದವರು ಕತ್ತರಿಸಬಹುದು, ಹತ್ತು ದಾಟಿದವರು ಅಳತೆ ಹಾಕಿ ಗೆರೆ ಎಳೆಯಬಹುದು. ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ತೋರಣ ಕಟ್ಟುವ ಹೊಣೆಯನ್ನು ಅವರಿಗೇ ಒಪ್ಪಿಸಬಹುದು.

ಕಾಗದವೆಂದರೆ ಅಗ್ಗದ ಬದಲಿ ವ್ಯವಸ್ಥೆ ಎಂದು ಭಾವಿಸಬೇಡಿ. ಹ್ಯಾಲೋವೀನ್‌ನ ಬೇರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಸೌವಿನ್ ಹಬ್ಬದಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರ ಆತ್ಮಗಳು ತಿರುಗಾಡುತ್ತವೆ ಎಂಬ ನಂಬಿಕೆಯಿತ್ತು. ಅಲ್ಲಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. ವಲಸೆ ಹೋದ ಐರಿಷ್ ಜನರಿಗೆ ಅಮೆರಿಕದಲ್ಲಿ ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ಮನೆಯೊಳಗಿನ ಅಲಂಕಾರಕ್ಕೆ ಕಾಗದ ಬಂದದ್ದು ಅದಕ್ಕೂ ಈಚೆಗೆ. 20ನೇ ಶತಮಾನದ ಆರಂಭದಲ್ಲಿ ಮ್ಯಾಸಚೂಸೆಟ್ಸ್‌ನ ಡೆನಿಸನ್ ಕಂಪನಿ ಕಿತ್ತಳೆ ಮತ್ತು ಕಪ್ಪು ಬಣ್ಣದ ಕ್ರೇಪ್ ಕಾಗದವನ್ನೂ, ಅದರಿಂದ ಏನೇನು ಮಾಡಬಹುದೆಂದು ಹೇಳಿಕೊಡುವ ಪುಸ್ತಿಕೆಗಳನ್ನೂ ಮಾರುತ್ತಿತ್ತು. ಪೆನ್ಸಿಲ್ವೇನಿಯಾದ ಬೀಸ್ಟಲ್ ಕಂಪನಿ ರಟ್ಟಿನ ಚಿತ್ರಗಳಿಗೂ, ಬಿಡಿಸಿದರೆ ಜೇನುಗೂಡಿನಂತೆ ಅರಳುವ ತೆಳುಕಾಗದದ ಅಲಂಕಾರಗಳಿಗೂ ಹೆಸರಾಯಿತು. ಈಗಲೂ ಅಮೆರಿಕದ ಶಾಲೆಗಳ ಗೋಡೆಯ ಮೇಲೆ ಕಾಣುವ, ಕೈಕಾಲು ಆಡಿಸಬಹುದಾದ ಕಾಗದದ ಅಸ್ಥಿಪಂಜರ ಆ ಪರಂಪರೆಯದೇ.

ಮುಂದಿನ ಎಲ್ಲ ಕೆಲಸಗಳ ಹಿಂದೆ ನನ್ನ ಎರಡು ನಂಬಿಕೆಗಳಿವೆ. ಮೊದಲನೆಯದು, ಬಣ್ಣ ತುಂಬಿದ ಹಾಳೆ ಮೇಜಿನ ಮೇಲೆಯೇ ಉಳಿಯಬಾರದು. ಅದು ಎದ್ದು ನಿಲ್ಲಬೇಕು, ತೂಗಬೇಕು, ಇಲ್ಲವೇ ಬೆಳಕನ್ನು ತನ್ನ ಮೂಲಕ ಹಾಯಿಸಬೇಕು. ಎರಡನೆಯದು, ಭಯ ಹುಟ್ಟಿಸಲು ರಕ್ತವಾಗಲೀ ಗಾಯವಾಗಲೀ ಬೇಕಿಲ್ಲ. ಕತ್ತಲಿನ ನಡುವೆ ಒಂದಿಷ್ಟು ಬೆಳಕನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಮಿಕ್ಕ ಕೆಲಸವನ್ನು ನೆರಳೇ ಮಾಡುತ್ತದೆ.

ಮೊದಲು ಸಾಮಗ್ರಿ

ಕಾಗದದ ದಪ್ಪವನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಪ್ರಿಂಟರ್‌ನ ಮಾಮೂಲಿ ಹಾಳೆ 75ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇರುತ್ತದೆ. ಕ್ರೇಯಾನ್, ಬಣ್ಣದ ಪೆನ್ಸಿಲ್‌ಗಳಿಗೆ ಅದು ಸಾಕು. ಮಡಚಿ ಕತ್ತರಿಸುವ ಕೆಲಸಕ್ಕೂ ಅದೇ ಒಳ್ಳೆಯದು, ಏಕೆಂದರೆ ಪದರಗಳು ಹೆಚ್ಚಾದಷ್ಟೂ ದಪ್ಪ ಕಾಗದ ಕತ್ತರಿಗೆ ಬಗ್ಗುವುದಿಲ್ಲ. ನಿಲ್ಲಬೇಕಾದ ವಸ್ತುಗಳಿಗೆ, ಅಂದರೆ ಭೂತದ ಮನೆ ಮತ್ತು ಅಸ್ಥಿಪಂಜರಕ್ಕೆ, 180ರಿಂದ 220 ಜಿಎಸ್‌ಎಂ ದಪ್ಪದ ಕಾರ್ಡ್‌ಸ್ಟಾಕ್ ಬೇಕು. ಜಲವರ್ಣಕ್ಕೆ 200 ಜಿಎಸ್‌ಎಂಗಿಂತ ತೆಳುವಾದುದನ್ನು ತೆಗೆದುಕೊಂಡರೆ ಒಣಗುವಾಗ ಹಪ್ಪಳದಂತೆ ಸುರುಟಿಕೊಳ್ಳುತ್ತದೆ.

ಬಣ್ಣದ ಹಾಳೆಗಳಲ್ಲಿ ಕಪ್ಪು ಮತ್ತು ಕಿತ್ತಳೆ ಹೆಚ್ಚು ಬೇಕಾಗುತ್ತವೆ. ನೇರಳೆ, ಹಸಿರು, ಬಿಳಿ ಸ್ವಲ್ಪ ಸಾಕು. ಇವುಗಳ ಜೊತೆಗೆ ಮೇಣದ ಕ್ರೇಯಾನ್ (ಬಿಳಿಯದು ಇರಲೇಬೇಕು), ಆಯಿಲ್ ಪೇಸ್ಟಲ್, ಜಲವರ್ಣ, ಕಪ್ಪು ಪೋಸ್ಟರ್ ಬಣ್ಣ, ಗೋಂದಿನ ಕಡ್ಡಿ, ಸ್ಕೇಲು, ಮೊಂಡು ತುದಿಯ ಕತ್ತರಿ, ದಪ್ಪ ದಾರ, ಶಾಯಿ ಮುಗಿದ ಒಂದು ಬಾಲ್‌ಪೆನ್ ಇರಲಿ. ಆ ಪೆನ್ನನ್ನು ಎಸೆಯಬೇಡಿ. ದಪ್ಪ ಕಾಗದವನ್ನು ಮಡಚುವ ಮೊದಲು ಅದರ ತುದಿಯಿಂದ ಗೆರೆ ಒತ್ತಿದರೆ ಮಡಿಕೆ ನೇರವಾಗಿ ಬರುತ್ತದೆ.

ಅಂತರ್ಜಾಲದಿಂದ ಬಣ್ಣ ತುಂಬುವ ಚಿತ್ರಗಳನ್ನು ಇಳಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಲೆಟರ್ ಅಳತೆಯಲ್ಲಿ, ಅಂದರೆ 21.6 ಸೆಂ.ಮೀ. ಅಗಲ, 27.9 ಸೆಂ.ಮೀ. ಎತ್ತರಕ್ಕೆ ಹೊಂದುವಂತೆ ಇರುತ್ತವೆ. ಭಾರತದಲ್ಲಿ ನಾವು ಬಳಸುವ ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ. ಪ್ರಿಂಟರ್‌ನಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ಒತ್ತದಿದ್ದರೆ ಬಾವಲಿಯ ರೆಕ್ಕೆಯ ತುದಿಯೋ ಮಾಟಗಾತಿಯ ಪೊರಕೆಯೋ ತುಂಡಾಗಿ ಬರುತ್ತದೆ. ಕೆಳಗೆ ನಾನು ಎ4 ಅಳತೆಯನ್ನೇ ಹಿಡಿದಿದ್ದೇನೆ. ಲೆಟರ್ ಹಾಳೆಗೆ ಎಲ್ಲಿ ಬದಲಾವಣೆ ಬೇಕೋ ಅಲ್ಲಿ ಹೇಳಿದ್ದೇನೆ.

ಬಣ್ಣ ತುಂಬುವಾಗ ಬೆಳಕು ಎಲ್ಲಿಂದ ಬರುತ್ತಿದೆ?

ಹ್ಯಾಲೋವೀನ್ ಚಿತ್ರ ಕೈಗೆ ಸಿಕ್ಕ ಕೂಡಲೇ ಮಕ್ಕಳು ಕಪ್ಪು ಕ್ರೇಯಾನ್ ಹಿಡಿಯುತ್ತಾರೆ. ಆಕಾಶ ಕಪ್ಪು, ಬೆಕ್ಕು ಕಪ್ಪು, ಮನೆ ಕಪ್ಪು. ಕೊನೆಗೆ ಎಲ್ಲವೂ ಒಂದೇ ಮಸಿಯಾಗಿ, ಅಂಗೈಯೂ ಮಸಿಯಾಗಿ, ಚಿತ್ರದಲ್ಲಿ ಏನಿತ್ತೆಂಬುದೇ ಕಾಣದಾಗುತ್ತದೆ. ಬೈಯುವ ಅಗತ್ಯವಿಲ್ಲ. ಶುರುಮಾಡುವ ಮೊದಲು ಒಂದು ಆಟ ಆಡಿಸಿ. ಕೋಣೆಯ ದೀಪ ಆರಿಸಿ, ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಟಾರ್ಚನ್ನು ಗಲ್ಲದ ಕೆಳಗೆ ಹಿಡಿಯಲು ಹೇಳಿ. ಮೂಗಿನ ನೆರಳು ಹಣೆಯ ಕಡೆಗೆ ಏರುತ್ತದೆ, ಕೆನ್ನೆಯ ಕೆಳಭಾಗ ಬೆಳಗುತ್ತದೆ, ತನ್ನ ಮುಖವೇ ತನಗೆ ಅಪರಿಚಿತವಾಗುತ್ತದೆ. ಸೂರ್ಯನ ಬೆಳಕಾಗಲಿ ಮನೆಯ ದೀಪವಾಗಲಿ ಮೇಲಿನಿಂದಲೇ ಬೀಳುವುದು ನಮ್ಮ ಕಣ್ಣಿಗೆ ರೂಢಿ. ಅದು ತಲೆಕೆಳಗಾದರೆ ಮನಸ್ಸು ಬೆಚ್ಚುತ್ತದೆ.

ಈಗ ಹಾಳೆಗೆ ಬನ್ನಿ. ಚಿತ್ರದಲ್ಲಿ ಬೆಳಕು ಯಾವುದರದು ಎಂದು ಮಗುವೇ ಹೇಳಲಿ: ಕುಂಬಳಕಾಯಿಯೊಳಗಿನ ದೀಪವೋ, ಚಂದ್ರನೋ, ಕಿಟಕಿಯೋ? ಆ ಜಾಗದಿಂದ ಪೆನ್ಸಿಲಿನಲ್ಲಿ ಸಣ್ಣ ಬಾಣಗಳನ್ನು ಹೊರಡಿಸಿ. ಬಾಣ ತಗಲುವ ಅಂಚುಗಳಿಗೆ ತೆಳು ಹಳದಿ, ಅದರ ಪಕ್ಕಕ್ಕೆ ಕಿತ್ತಳೆ. ಬಾಣ ತಲುಪದ ಬೆನ್ನಿನ ಭಾಗಕ್ಕೆ ನೀಲಿ ಅಥವಾ ನೇರಳೆ. ನೆರಳಿಗೆ ಕಪ್ಪು ಬಳಸುವುದಕ್ಕಿಂತ ನೇರಳೆ ಬಳಸಿದರೆ ಚಿತ್ರಕ್ಕೆ ಆಳ ಬರುತ್ತದೆ, ಪಕ್ಕದ ಕಿತ್ತಳೆಯೂ ಇನ್ನಷ್ಟು ಉರಿಯುತ್ತದೆ. ಕಪ್ಪು ಕೊನೆಗೆ ಬರಲಿ. ಮರದ ಕೊಂಬೆಗಳಿಗೆ, ಬೆಕ್ಕಿನ ಅಂಚಿಗೆ, ಬೇಲಿಗೆ ಸ್ವಲ್ಪ ಸಾಕು. ಚಂದ್ರನಿಗೆ ಬಣ್ಣವೇ ಬೇಡ. ಹಾಳೆಯ ಬಿಳುಪನ್ನು ಹಾಗೆಯೇ ಬಿಟ್ಟು ಸುತ್ತಲೂ ಹಳದಿಯ ತೆಳು ಉಂಗುರ, ಅದರಾಚೆಗೆ ನೀಲಿ ಹಚ್ಚಿದರೆ ಚಂದ್ರ ತಾನಾಗಿಯೇ ಬೆಳಗುತ್ತಾನೆ.

ತೀರ ಚಿಕ್ಕ ಮಕ್ಕಳಿಗೆ ಈ ಪಾಠವೆಲ್ಲ ಬೇಡ. ಅವರ ದೆವ್ವ ಗುಲಾಬಿಯಾಗಿರಲಿ, ಹಸಿರಾಗಿರಲಿ, ಬಣ್ಣ ಗೆರೆ ದಾಟಲಿ. ತಿದ್ದಿ ತೀಡಿದ ದೆವ್ವಕ್ಕಿಂತ ಅದಕ್ಕೇ ಜೀವ ಹೆಚ್ಚು.

ಅಡಗಿರುವ ದೆವ್ವ

ಬಣ್ಣದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ದಪ್ಪ ಬಿಳಿ ಹಾಳೆಯ ಮೇಲೆ ಬಿಳಿ ಮೇಣದ ಕ್ರೇಯಾನ್‌ನಿಂದ ದೆವ್ವದ ಚಿತ್ರ ಬರೆಯಿರಿ. ಕ್ರೇಯಾನ್ ಇಲ್ಲದಿದ್ದರೆ ಹುಟ್ಟುಹಬ್ಬದ ಕೇಕಿನ ಮೇಲಿನ ಪುಟ್ಟ ಮೇಣದಬತ್ತಿಯ ತುಂಡೂ ಆದೀತು. ಚೆನ್ನಾಗಿ ಒತ್ತಿ ಬರೆಯಬೇಕು. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲವಾದ್ದರಿಂದ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೇಣ ಮಿನುಗಿ ಎಲ್ಲಿಯವರೆಗೆ ಬರೆದಿದ್ದೀರೆಂದು ತಿಳಿಯುತ್ತದೆ. ಕಣ್ಣು, ಬಾಯಿಗಳನ್ನು ಮೇಣವಿಲ್ಲದೆ ಖಾಲಿ ಬಿಡಿ.

ಈಗ ಹಾಳೆಯನ್ನು ಮಗುವಿನ ಕೈಗೆ ಕೊಡಿ. ನೀಲಿ, ನೇರಳೆ ಜಲವರ್ಣವನ್ನು ಧಾರಾಳ ನೀರಿನಲ್ಲಿ ಕದಡಿ, ಅಗಲವಾದ ಕುಂಚದಿಂದ ಎಡದಿಂದ ಬಲಕ್ಕೆ ಎಳೆಯಲು ಹೇಳಿ. ಮೇಣ ನೀರನ್ನು ಹಿಡಿಯುವುದಿಲ್ಲ. ಬಣ್ಣ ಅದರ ಮೇಲಿಂದ ಜಾರಿ ಎರಡೂ ಬದಿಗೆ ಸರಿಯುತ್ತದೆ, ಏನೂ ಇಲ್ಲದ ಹಾಳೆಯಿಂದ ದೆವ್ವ ಎದ್ದು ಬರುತ್ತದೆ. ಕಣ್ಣುಗಳ ಜಾಗ ಮಾತ್ರ ಕತ್ತಲಾಗಿ ಉಳಿಯುತ್ತದೆ. ಕುಂಚ ಒಂದು ಜಾಗದಲ್ಲಿ ಒಮ್ಮೆ ಹಾಯ್ದರೆ ಸಾಕು, ಮತ್ತೆ ಮತ್ತೆ ತಿಕ್ಕಿದರೆ ಮೇಣದ ಮೇಲೂ ಬಣ್ಣ ಕೂರುತ್ತದೆ. ಅಣ್ಣ ತಂಗಿಗಾಗಿ, ಅಕ್ಕ ತಮ್ಮನಿಗಾಗಿ ಗುಟ್ಟಾಗಿ ಚಿತ್ರ ಬರೆದು ಕೊಟ್ಟರೆ ಆಟ ಇನ್ನೂ ರಂಗೇರುತ್ತದೆ.

ಇದರ ಸೋದರನೇ ಕೆರೆದು ಬಿಡಿಸುವ ಚಿತ್ರ. ಹಾಳೆಯ ತುಂಬ ಹಳದಿ, ಕಿತ್ತಳೆ, ಹಸಿರು ಆಯಿಲ್ ಪೇಸ್ಟಲ್‌ಗಳನ್ನು ಬಿಳಿ ಕಾಣದಂತೆ ದಟ್ಟವಾಗಿ ಬಳಿದು, ಅದರ ಮೇಲೆ ಕಪ್ಪು ಪೋಸ್ಟರ್ ಬಣ್ಣದ ಎರಡು ಲೇಪ ಕೊಡಿ. ಎಣ್ಣೆಯ ಮೇಲೆ ನೀರಿನ ಬಣ್ಣ ಹನಿಹನಿಯಾಗಿ ಒಡೆಯುತ್ತದೆ. ಬಣ್ಣಕ್ಕೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದರೆ ಸಮನಾಗಿ ಹರಡಿ ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ಟೂತ್‌ಪಿಕ್‌ನಿಂದಲೋ ಶಾಯಿಯಿಲ್ಲದ ಪೆನ್ನಿನಿಂದಲೋ ಬೆಕ್ಕಿನ ಕಣ್ಣು, ಕಿಟಕಿ, ಚಂದ್ರ ಕೆರೆಯಬಹುದು. ಕೆಳಗೆ ಹಳೆಯ ಪತ್ರಿಕೆ ಹಾಸಿಕೊಳ್ಳಿ, ಕಪ್ಪು ಪುಡಿ ಸಿಕ್ಕಾಪಟ್ಟೆ ಉದುರುತ್ತದೆ.

ಬಾವಲಿ ತೋರಣ

ಮಡಚಿ ಕತ್ತರಿಸಿ ಬಿಡಿಸಿದಾಗ ಕೈಕೈ ಹಿಡಿದ ಬಾವಲಿಗಳು ಬರಬೇಕು. ಎಷ್ಟೋ ಮನೆಗಳಲ್ಲಿ ಬರುವುದು ತುಂಡು ತುಂಡು ಬಾವಲಿಗಳು. ಕಾರಣ ಒಂದೇ: ದೇಹವನ್ನು ತಪ್ಪು ಬದಿಯಲ್ಲಿ ಬರೆದಿರುತ್ತಾರೆ.

1. ಕಪ್ಪು ಎ4 ಹಾಳೆಯನ್ನು ಅಡ್ಡವಾಗಿಟ್ಟು, 7 ಸೆಂ.ಮೀ. ಎತ್ತರದ ಮೂರು ಪಟ್ಟಿಗಳಾಗಿ ಕತ್ತರಿಸಿ. ಪ್ರತಿ ಪಟ್ಟಿ 29.7 ಸೆಂ.ಮೀ. ಉದ್ದವಿರುತ್ತದೆ. ಲೆಟರ್ ಹಾಳೆಯಾದರೆ 27.9.

2. ಪಟ್ಟಿಯನ್ನು ಬೀಸಣಿಗೆಯಂತೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಚಿ ನಾಲ್ಕು ಸಮಭಾಗ ಮಾಡಿ.

3. ಮಡಿಕೆಯ ಎರಡೂ ಅಂಚುಗಳನ್ನು ಗಮನವಿಟ್ಟು ನೋಡಿ. ಒಂದು ಬದಿಯಲ್ಲಿ ಹಾಳೆಯ ಬಿಡಿ ತುದಿಗಳಿವೆ, ನಡುವೆ ಒಂದು ಮಡಿಕೆಯಿದೆ. ಇನ್ನೊಂದು ಬದಿಯಲ್ಲಿ ಬಿಡಿ ತುದಿಯೇ ಇಲ್ಲ, ಎರಡು ಮಡಿಕೆಗಳು ಮಾತ್ರ. ಬಾವಲಿಯ ದೇಹ ಬರಬೇಕಾದದ್ದು ಈ ಎರಡನೆಯ ಬದಿಯಲ್ಲಿ.

4. ಅಲ್ಲಿ ಅರ್ಧ ತಲೆ, ಒಂದು ಕಿವಿ, ಅರ್ಧ ಹೊಟ್ಟೆ ಬರೆದು, ರೆಕ್ಕೆಯನ್ನು ಬಿಡಿ ತುದಿಗಳಿರುವ ಬದಿಯವರೆಗೆ ಎಳೆಯಿರಿ. ರೆಕ್ಕೆಯ ಕೆಳಗಂಚಿಗೆ ಎರಡು ಮೂರು ಕಮಾನು ಕೊಡಿ.

5. ರೆಕ್ಕೆಯ ತುದಿ ಅಂಚನ್ನು ಮುಟ್ಟುವಲ್ಲಿ ಕನಿಷ್ಠ 1 ಸೆಂ.ಮೀ. ಎತ್ತರದಷ್ಟು ಭಾಗವನ್ನು ಕತ್ತರಿಸದೆ ಬಿಡಿ. ಬಾವಲಿಗಳನ್ನು ಜೋಡಿಸಿ ಹಿಡಿಯುವುದು ಅದೇ.

ಬಿಡಿಸಿದರೆ ಪ್ರತಿ ಪಟ್ಟಿಯಲ್ಲಿ ಎರಡು ಇಡೀ ಬಾವಲಿಗಳು, ಒಂದು ಹಾಳೆಗೆ ಆರು. ಇನ್ನೂ ಹೆಚ್ಚು ಬೇಕೆಂದು ಎಂಟು ಪದರ ಮಡಚಲು ಹೋಗಬೇಡಿ. ಚಿಕ್ಕ ಕೈಗಳ ಕತ್ತರಿಗೆ ನಾಲ್ಕು ಪದರವೇ ಮಿತಿ, ಅದಕ್ಕಿಂತ ಹೆಚ್ಚಾದರೆ ಒಳಪದರಗಳು ಜಾರಿ ಆಕಾರ ಕೆಡುತ್ತದೆ. ಪಟ್ಟಿಗಳನ್ನು ಹಿಂದಿನಿಂದ ಟೇಪಿನಲ್ಲಿ ಜೋಡಿಸುತ್ತ ಹೋದರೆ ಬಾಗಿಲಿನ ಅಗಲಕ್ಕೆ ಬೇಕಾದ ತೋರಣ ಸಿಗುತ್ತದೆ. ಕಪ್ಪು ಹಾಳೆಯ ಮೇಲೆ ಬಿಳಿ ಕ್ರೇಯಾನ್‌ನಲ್ಲಿ ಕಣ್ಣು ಬಿಡಿಸುವ ಕೆಲಸ ಮನೆಯ ಕಿರಿಯರದು. ಒಂದೊಂದು ಬಾವಲಿ ಒಂದೊಂದು ದಿಕ್ಕಿಗೆ ನೋಡಲಿ.

ಜೇಡರ ಬಲೆ

ಸುಮಾರು 20 ಸೆಂ.ಮೀ. ಚೌಕದ ತೆಳು ಹಾಳೆ ತೆಗೆದುಕೊಳ್ಳಿ. ಕರ್ಣಕ್ಕೆ ಮಡಚಿ ತ್ರಿಕೋನ ಮಾಡಿ, ಉದ್ದದ ಬದಿಯ ನಡುಬಿಂದುವನ್ನು ಗುರುತಿಸಿಕೊಳ್ಳಿ. ಬಲೆಯ ಕೇಂದ್ರ ಅದೇ, ಇನ್ನುಳಿದ ಮಡಿಕೆಗಳೆಲ್ಲ ಅಲ್ಲಿಂದಲೇ ಹೊರಡಬೇಕು. ಇನ್ನೂ ಮೂರು ಸಲ ಅರ್ಧರ್ಧ ಮಡಚಿದರೆ ಕಿರಿದಾದ ಕೋನವೊಂದು ಉಳಿಯುತ್ತದೆ. ಹೊರಗೆ ಚಾಚಿಕೊಂಡ ತುದಿಯನ್ನು ಕತ್ತರಿಸಿ ಸಮಮಾಡಿ.

ಈಗ ಒಂದು ಅಂಚಿನಿಂದ ಹೊರಟು, ಎದುರಿನ ಅಂಚಿಗೆ ಅರ್ಧ ಸೆಂ.ಮೀ. ಇರುವಾಗ ನಿಲ್ಲುವಂತೆ ಪಟ್ಟಿಗಳನ್ನು ಕತ್ತರಿಸಿ ತೆಗೆಯಬೇಕು. ಕತ್ತರಿಸದೆ ಬಿಟ್ಟ ಅಂಚು ಬಲೆಯ ಉದ್ದ ಎಳೆಯಾಗುತ್ತದೆ, ಇಡೀ ಹಾಳೆ ಬಿಡಿಸಿದಾಗ ಅಂಥ ಎಂಟು ಎಳೆಗಳು ಸಿಗುತ್ತವೆ. ತೆಗೆಯುವ ಭಾಗ ಒಂದು ಸೆಂ.ಮೀ.ನಷ್ಟು, ಉಳಿಸುವ ಎಳೆ ಮೂರು ನಾಲ್ಕು ಮಿ.ಮೀ.ನಷ್ಟು ಅಗಲವಿರಲಿ. ಸಹಜವಾದ ಬಲೆಯಂತೆ ಕಾಣಬೇಕಾದರೆ ಅಡ್ಡ ಎಳೆಗಳು ಕೇಂದ್ರದ ಕಡೆಗೆ ಜೋತಿರಬೇಕು. ಅದಕ್ಕಾಗಿ ಪ್ರತಿ ಕಡಿತವನ್ನೂ ಕೇಂದ್ರಕ್ಕೆ ತುಸು ಹತ್ತಿರದಲ್ಲಿ ಶುರುಮಾಡಿ, ಬಾಗುತ್ತ ಹೊರಗಿನ ಕಡೆಗೆ ಒಯ್ದು ನಿಲ್ಲಿಸಿ. ಹದಿನಾರು ಪದರ ಇರುವುದರಿಂದ ಕತ್ತರಿ ಹಿಡಿಯುವವರು ದೊಡ್ಡವರೇ ಆಗಬೇಕು. ಬಿಡಿಸುವ ಸಂತೋಷ ಮಕ್ಕಳಿಗಿರಲಿ, ಆದರೆ ನಿಧಾನ, ಎಳೆ ಬೇಗ ಹರಿಯುತ್ತದೆ. ಜೇಡ ಬರೆಯುವಾಗ ಎಂಟು ಕಾಲುಗಳನ್ನು ಎಣಿಸಿ ಹಾಕಲು ನೆನಪಿಸಿ. ಕಾಲುಗಳೆಲ್ಲ ಮುಂದಿನ ಭಾಗದಿಂದಲೇ ಹೊರಡುತ್ತವೆ, ಹಿಂದಿನ ಉಬ್ಬು ಹೊಟ್ಟೆಯಿಂದಲ್ಲ.

ಪಟ್ಟಿಗಳ ಕುಂಬಳಕಾಯಿ

ಮಗು ಬಣ್ಣ ತುಂಬಿದ ಹಾಳೆಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಇಲ್ಲಿ ಕತ್ತರಿಸಿದ ಮೇಲೆಯೇ ಅದರ ಅಂದ. ಬಿಳಿ ಹಾಳೆಯ ಎರಡೂ ಬದಿಗೆ ಕಿತ್ತಳೆ, ಹಳದಿ, ಕೆಂಪು ಗೀಟುಗಳನ್ನು ಮಗು ತನಗೆ ಬೇಕಾದಂತೆ ತುಂಬಲಿ. ಅದನ್ನು ಉದ್ದಕ್ಕೆ 1.5 ಸೆಂ.ಮೀ. ಅಗಲದ ಎಂಟು ಪಟ್ಟಿಗಳಾಗಿ ಕತ್ತರಿಸಿ. ಎಲ್ಲ ಪಟ್ಟಿಗಳ ನಡುಭಾಗವನ್ನು ಒಂದರ ಮೇಲೊಂದು ನಕ್ಷತ್ರದಂತೆ ಹರಡಿ ಅಂಟಿಸಿ. ಗೋಂದು ಒಣಗಿದ ಮೇಲೆ ಎದುರುಬದುರು ತುದಿಗಳನ್ನು ಮೇಲಕ್ಕೆತ್ತಿ ಒಂದರ ಮೇಲೊಂದು ಅಂಟಿಸುತ್ತ ಬನ್ನಿ. ಸುಮಾರು 9 ಸೆಂ.ಮೀ. ವ್ಯಾಸದ ಗುಂಡು ಸಿಗುತ್ತದೆ. ತಲೆಯ ಮೇಲೆ ಅಂಗೈಯಿಟ್ಟು ಮೆತ್ತಗೆ ಒತ್ತಿದರೆ ಕುಂಬಳಕಾಯಿಯ ಚಪ್ಪಟೆ ಆಕಾರ ಬರುತ್ತದೆ. ಹಸಿರು ಕಾಗದದ ಸುರುಳಿಯೊಂದು ತೊಟ್ಟು, ಪೆನ್ಸಿಲಿಗೆ ಸುತ್ತಿ ಬಿಟ್ಟ ತೆಳು ಪಟ್ಟಿಯೊಂದು ಬಳ್ಳಿ. ಕಪ್ಪು ಕಾಗದದ ಕಣ್ಣು ಮೂಗು ಅಂಟಿಸಿದರೆ ಮುಗಿಯಿತು.

ಬೆಳಗುವ ಭೂತದ ಮನೆ

ಒಂದೇ ಒಂದು ವಸ್ತು ಮಾಡಲು ಸಮಯವಿದೆ ಎನ್ನುವವರು ಇದನ್ನೇ ಆರಿಸಿಕೊಳ್ಳಿ. ಮಕ್ಕಳ ಬಣ್ಣ, ದೊಡ್ಡವರ ಅಳತೆ, ಕತ್ತಲು, ಬೆಳಕು ನಾಲ್ಕೂ ಇಲ್ಲಿ ಒಟ್ಟಿಗೆ ಬರುತ್ತವೆ.

ಕಪ್ಪು ಕಾರ್ಡ್‌ಸ್ಟಾಕ್ ಹಾಳೆಯನ್ನು ಅಡ್ಡವಾಗಿಟ್ಟು ಎಡದಿಂದ 7, 14, 21, 28 ಸೆಂ.ಮೀ.ಗೆ ನಾಲ್ಕು ಲಂಬ ಗೆರೆಗಳನ್ನು ಶಾಯಿಯಿಲ್ಲದ ಪೆನ್ನಿನಿಂದ ಒತ್ತಿ. ನಾಲ್ಕು ಗೋಡೆಗಳಾದವು, ಉಳಿದ 1.7 ಸೆಂ.ಮೀ. ಅಂಟಿಸುವ ಪಟ್ಟಿ. ಲೆಟರ್ ಹಾಳೆಗೆ ಗೆರೆಗಳು 6.5, 13, 19.5, 26 ಸೆಂ.ಮೀ.ಗೆ ಬರಲಿ. ಮೇಲಿನ 6 ಸೆಂ.ಮೀ. ಭಾಗ ಛಾವಣಿಗೆ ಮೀಸಲು. ಒಂದನೆಯ ಮತ್ತು ಮೂರನೆಯ ಗೋಡೆಗೆ ಚೂಪು ಛಾವಣಿ, ಎರಡು ಮತ್ತು ನಾಲ್ಕಕ್ಕೆ ಮುರಿದ ಹೆಂಚಿನ ಅಂಚು, ಸೊಟ್ಟ ಚಿಮಣಿ. ಈ ಮನೆಯಲ್ಲಿ ಯಾವುದೂ ನೆಟ್ಟಗಿರಬಾರದು. ಕಿಟಕಿಗಳೂ ವಾರೆಯಾಗಿರಲಿ, ಬಾಗಿಲು ಒಂದು ಕಡೆಗೆ ಜರಗಿರಲಿ.

2 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಕಿಟಕಿಗಳನ್ನು ಕೊರೆಯುವ ಕೆಲಸ ದೊಡ್ಡವರದು. ಕ್ರಾಫ್ಟ್ ಚಾಕು ಬಳಸುವುದಾದರೆ ಕೆಳಗೆ ದಪ್ಪ ರಟ್ಟಿರಲಿ. ಎಂಟು ಒಂಬತ್ತು ವರ್ಷದ ಮಕ್ಕಳು ಕತ್ತರಿಯಲ್ಲೇ ಮಾಡಬಹುದು: ಕಿಟಕಿಯ ನಡುವೆ ಕಾಗದವನ್ನು ಮೆತ್ತಗೆ ಚಿವುಟಿ ಮಡಚಿ, ಅಲ್ಲಿ ಒಂದು ಕಚ್ಚು ಹಾಕಿ, ಆ ರಂಧ್ರದಿಂದ ಕತ್ತರಿಯ ತುದಿ ತೂರಿಸಿ ಮುಂದುವರಿಯಬೇಕು.

ಕಿಟಕಿಯ ಗಾಜಿಗೆ ಮಕ್ಕಳ ಕ್ರೇಯಾನ್ ಚಿತ್ರ. ತೆಳುವಾದ ಮಾಮೂಲಿ ಹಾಳೆಯಲ್ಲಿ ಗೋಡೆಗಿಂತ ಸ್ವಲ್ಪ ಕಿರಿದಾದ ತುಂಡುಗಳನ್ನು ಕತ್ತರಿಸಿ, ಹಳದಿ ಕಿತ್ತಳೆ ತುಂಬಿ, ಕಿಟಕಿ ಬರುವ ಜಾಗಗಳಲ್ಲಿ ಇಣುಕುವ ಬೆಕ್ಕು, ಮೂಳೆಯ ಕೈ, ಗೂಬೆ ಹೀಗೆ ಕಪ್ಪಿನಲ್ಲಿ ಬರೆಸಿ. ಹಾಳೆಯನ್ನು ಮಗುಚಿ, ಹತ್ತಿಯನ್ನು ಅಡುಗೆ ಎಣ್ಣೆಯಲ್ಲಿ ತುಸುವೇ ಅದ್ದಿ ಹಿಂಬದಿಗೆ ಸವರಿ. ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿಕೊಂಡು ಕಾಗದ ಅರೆಪಾರದರ್ಶಕವಾಗುತ್ತದೆ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಚಳಿಯ ಊರುಗಳಲ್ಲಿರುವವರು ಅಂಗೈಯಲ್ಲಿಟ್ಟು ಕರಗಿಸಿಕೊಳ್ಳಬೇಕು. ಅಂಚಿನ ಒಂದು ಸೆಂ.ಮೀ.ಗೆ ಎಣ್ಣೆ ತಾಗಿಸಬೇಡಿ, ಎಣ್ಣೆಯ ಮೇಲೆ ಗೋಂದೂ ಟೇಪೂ ಹಿಡಿಯುವುದಿಲ್ಲ. ಹೆಚ್ಚುವರಿ ಎಣ್ಣೆಯನ್ನು ಟಿಶ್ಯೂ ಕಾಗದದ ನಡುವೆ ಒತ್ತಿ ತೆಗೆದು, ಗೋಡೆಯ ಒಳಬದಿಗೆ ಟೇಪಿನಲ್ಲಿ ಅಂಟಿಸಿ. ಆಮೇಲೆ ಗೋಡೆಗಳನ್ನು ಮಡಚಿ, ಪಟ್ಟಿಗೆ ಗೋಂದು ಹಚ್ಚಿ, ಮನೆ ನಿಲ್ಲಿಸಿ.

ಒಳಗೆ ಇಡುವುದು ಬ್ಯಾಟರಿಯ ಎಲ್‌ಇಡಿ ದೀಪ ಮಾತ್ರ. ದೀಪಾವಳಿಯೂ ಇದೇ ಹೊತ್ತಿಗೆ ಬರುವುದರಿಂದ, 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು, ಮನೆಯಲ್ಲಿ ಹಣತೆ, ಮೇಣದಬತ್ತಿಗಳು ಕೈಗೆಟಕುವಂತಿರುತ್ತವೆ. ಎಣ್ಣೆ ಸವರಿದ ಕಾಗದಕ್ಕೆ ಬೆಂಕಿ ತಾಗಿದರೆ ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುತ್ತದೆ. ಈ ವಿಷಯದಲ್ಲಿ ರಾಜಿಯೇ ಇಲ್ಲ.

ಕೈಕಾಲಾಡುವ ಅಸ್ಥಿಪಂಜರ

ಬಿಳಿ ಕಾರ್ಡ್‌ಸ್ಟಾಕ್‌ನಲ್ಲಿ ಹನ್ನೊಂದು ಭಾಗಗಳನ್ನು ಬರೆದುಕೊಳ್ಳಿ: ತಲೆಬುರುಡೆ, ಪಕ್ಕೆಲುಬಿನ ಗೂಡು, ಸೊಂಟದ ಮೂಳೆ, ಎರಡು ತೋಳು, ಎರಡು ಮುಂಗೈ, ಎರಡು ತೊಡೆ, ಪಾದ ಸೇರಿದ ಎರಡು ಮೊಣಕಾಲ ಕೆಳಭಾಗ. ಒಂದು ಬದಿಯ ಕೈಕಾಲು ಬರೆದು, ಎರಡು ಹಾಳೆ ಜೋಡಿಸಿ ಒಟ್ಟಿಗೆ ಕತ್ತರಿಸಿದರೆ ಎರಡೂ ಬದಿ ಒಂದೇ ಅಳತೆಗೆ ಬರುತ್ತವೆ. ಮೂಳೆಯ ತುದಿಗಳು ಅಗಲವಾಗಿ ಉಬ್ಬಿರಲಿ, ಕೀಲಿನ ರಂಧ್ರಕ್ಕೆ ಅಲ್ಲಿಯೇ ಜಾಗ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ಪಕ್ಕೆಲುಬು, ಹಲ್ಲು, ಬೆರಳಿನ ಗೆಣ್ಣು ಬಿಡಿಸುವ ಕೆಲಸ ಮಕ್ಕಳದು. ಮನುಷ್ಯನಿಗೆ ಹನ್ನೆರಡು ಜೊತೆ ಪಕ್ಕೆಲುಬುಗಳಿವೆ, ವಯಸ್ಕರ ದೇಹದಲ್ಲಿ ಒಟ್ಟು 206 ಮೂಳೆಗಳು. ಹನ್ನೆರಡನ್ನೂ ಬಿಡಿಸಿಯೇ ತೀರುತ್ತೇನೆಂದು ಹಟ ಹಿಡಿಯುವ ಮಗುವನ್ನು ತಡೆಯಬೇಡಿ.

ಕತ್ತು, ಬೆನ್ನಿನ ಕೆಳಭಾಗ, ಭುಜ, ಮೊಣಕೈ, ಸೊಂಟ, ಮೊಣಕಾಲು ಸೇರಿ ಹತ್ತು ಕೀಲುಗಳು. ರಂಧ್ರ ಮಾಡುವ ಮೊದಲು ಆ ಜಾಗದ ಎರಡೂ ಬದಿಗೆ ಪಾರದರ್ಶಕ ಟೇಪು ಅಂಟಿಸಿದರೆ ಕಾಗದ ಹರಿಯುವುದಿಲ್ಲ. ಹಿತ್ತಾಳೆಯ ಸ್ಪ್ಲಿಟ್ ಪಿನ್ ಹಾಕಿ, ಹಿಂಬದಿಗೆ ಬರುವ ಪಿನ್ನಿನ ಎರಡು ಕಾಲುಗಳನ್ನು ತುಸು ಸಡಿಲವಾಗಿಯೇ ಮಡಚಿ. ಬಿಗಿಯಾದರೆ ಕೀಲು ತಿರುಗುವುದಿಲ್ಲ, ತೀರ ಸಡಿಲವಾದರೆ ಕೈ ಜೋತು ಬೀಳುತ್ತದೆ. ಪಿನ್ ಸಿಗದ ಕಡೆ ಎರಡೂ ಬದಿಗೆ ಗಂಟು ಹಾಕಿದ ದಪ್ಪ ದಾರವೂ ಸಾಕು, ಆದರೆ ಗಂಟು ರಂಧ್ರಕ್ಕಿಂತ ದೊಡ್ಡದಿರಬೇಕು. ಅಕ್ಟೋಬರ್ ಮೊದಲ ವಾರವೇ ಇದನ್ನು ಮಾಡಿ ಬಾಗಿಲಿಗೆ ಅಂಟಿಸಿದರೆ ಶಾಲೆಯಿಂದ ಬಂದ ಮಕ್ಕಳು ದಿನಕ್ಕೊಂದು ಭಂಗಿಯಲ್ಲಿ ನಿಲ್ಲಿಸಿ ಆಡುತ್ತಾರೆ.

ಎಷ್ಟು ಹೆದರಿಸಬೇಕು?

ಮೂರು ನಾಲ್ಕು ವರ್ಷದ ಮಕ್ಕಳಿಗೆ ಮುಖವಾಡ ಹಾಕಿಕೊಂಡ ಅಪ್ಪ ಅಪ್ಪನೇ ಎಂದು ಗೊತ್ತಿದ್ದರೂ ಅಳು ಬರುತ್ತದೆ. ಅವರೊಂದಿಗೆ ನಗುವ ಕುಂಬಳಕಾಯಿ, ದುಂಡು ಕಣ್ಣಿನ ಗೂಬೆ, ಬಾವಲಿ ಮರಿಗಳು ಸಾಕು. ಮುಖವಾಡ ಮಾಡಿದರೆ ಕಡ್ಡಿಗೆ ಅಂಟಿಸಿ ಕೈಯಲ್ಲಿ ಹಿಡಿಯುವಂತೆ ಮಾಡಿ, ಬೇಡವೆನಿಸಿದಾಗ ಅವರೇ ಇಳಿಸಬಹುದು. ಆರು ದಾಟಿದವರಿಗೆ ತುಸು ಭಯ ಬೇಕೇ ಬೇಕು. ತಾವೇ ಬರೆದು ಕತ್ತರಿಸಿದ ಭೂತಕ್ಕೆ ಅವರು ಹೆದರುವುದಿಲ್ಲ, ಅದರಿಂದ ನಿಮ್ಮನ್ನು ಹೆದರಿಸುತ್ತಾರೆ. ಹೆದರಿದಂತೆ ನಟಿಸಿ, ಅದು ಅವರ ಹಕ್ಕು.

ಹ್ಯಾಲೋವೀನ್ ಹೆಸರಿನಲ್ಲಿ ಸಿಗುವ ಬಣ್ಣದ ಹಾಳೆಗಳ ನಡುವೆ ಹೂವು, ಎಲೆ ಬಿಡಿಸಿದ ಅಲಂಕೃತ ತಲೆಬುರುಡೆಗಳೂ ಇರುತ್ತವೆ. ಅವು ಮೆಕ್ಸಿಕೊದ ಮೃತರ ದಿನದವು. ನವೆಂಬರ್ 1 ಮತ್ತು 2ರಂದು ತೀರಿಕೊಂಡ ಹಿರಿಯರಿಗಾಗಿ ಹೂವು, ಊಟ, ದೀಪ ಇಟ್ಟು ಅವರನ್ನು ಬರಮಾಡಿಕೊಳ್ಳುವ ಹಬ್ಬವದು, ಹೆದರಿಕೆಗೂ ಅದಕ್ಕೂ ಸಂಬಂಧವಿಲ್ಲ. ಮಹಾಲಯ ಅಮಾವಾಸ್ಯೆಯ ಎಡೆಯನ್ನು ನೋಡಿದ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಆ ಚಿತ್ರಕ್ಕೆ ಬಣ್ಣ ತುಂಬುವುದಿದ್ದರೆ ಅಜ್ಜನದೋ ಮುತ್ತಜ್ಜಿಯದೋ ಕಥೆ ಹೇಳುತ್ತ ತುಂಬಿಸಿ, ಭೂತದ ಮನೆಯ ಪಕ್ಕ ಮಾತ್ರ ತೂಗುಹಾಕಬೇಡಿ.

ತೂಗುಹಾಕುವುದು, ಹಂಚುವುದು, ತೆಗೆದಿಡುವುದು

ಕಾಗದ ಇಬ್ಬನಿಗೂ ಮಳೆಗೂ ತಡೆಯುವುದಿಲ್ಲ. ತೋರಣ, ಅಸ್ಥಿಪಂಜರಗಳನ್ನು ಬಾಗಿಲ ಒಳಬದಿಗೆ ಇಲ್ಲವೇ ಕಿಟಕಿಯ ಗಾಜಿನ ಒಳಗೆ ಅಂಟಿಸಿ, ಬೀದಿಯಿಂದ ನೋಡುವವರಿಗೆ ನೆರಳಿನಂತೆ ಕಾಣುತ್ತವೆ. ಬಾಡಿಗೆ ಮನೆಯಾದರೆ ಬಣ್ಣ ಬಳಿಯುವವರು ಬಳಸುವ ನೀಲಿ ಟೇಪು ತನ್ನಿ, ಕಿತ್ತಾಗ ಗೋಡೆಯ ಬಣ್ಣ ಎದ್ದು ಬರುವುದಿಲ್ಲ. ರಾತ್ರಿ ಮನೆಮನೆಗೆ ಹೋಗುವ ಮಕ್ಕಳ ಮುಖಕ್ಕೆ ಕಾಗದದ ಮುಖವಾಡ ಕಟ್ಟಬೇಡಿ, ಪಕ್ಕದಿಂದ ಬರುವ ಕಾರು ಕಾಣುವುದಿಲ್ಲ. ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿ, ಕೈಗೆ ಟಾರ್ಚ್ ಕೊಟ್ಟು, ಮಿಠಾಯಿ ಚೀಲದ ಮೇಲೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿ ಕಳುಹಿಸಿ.

ಅಮೆರಿಕದಲ್ಲಿ ಕೆಲವು ಮನೆಗಳ ಮುಂದೆ ನೀಲಿ-ಹಸಿರು ಮಿಶ್ರಿತ ಬಣ್ಣದ ಕುಂಬಳಕಾಯಿ ಇಟ್ಟಿರುವುದನ್ನು ನೋಡಿರಬಹುದು. ಆಹಾರದ ಅಲರ್ಜಿಯಿರುವ ಮಕ್ಕಳಿಗೆ ಇಲ್ಲಿ ತಿನಿಸಿನ ಬದಲು ಬೇರೆ ಉಡುಗೊರೆ ಸಿಗುತ್ತದೆ ಎಂಬುದರ ಗುರುತು ಅದು. 2014ರಿಂದ ಈ ಪದ್ಧತಿ ದೇಶದಾದ್ಯಂತ ಹರಡಿತು. ಕಡಲೆಕಾಯಿ, ಹಾಲು ಮೈಗೆ ಒಗ್ಗದ ಮಕ್ಕಳು ನೆರೆಹೊರೆಯಲ್ಲಿದ್ದರೆ ನೀವೂ ಇಡಿ. ಪಟ್ಟಿಗಳ ಕುಂಬಳಕಾಯಿಯನ್ನೇ ಆ ಬಣ್ಣದಲ್ಲಿ ಮಾಡಿ ಕಿಟಕಿಯಲ್ಲಿಟ್ಟರಾಯಿತು. ಬಾವಲಿ ಆಕಾರದ ಪುಸ್ತಕಗುರುತು, ಅಡಗಿರುವ ದೆವ್ವದ ಪುಟ್ಟ ಹಾಳೆಗಳನ್ನು ಒಂದು ಬುಟ್ಟಿಯಲ್ಲಿ ತುಂಬಿಡಿ. ಮನೆಗೆ ಹೋಗಿ ಬಣ್ಣ ಬಳಿದರೆ ದೆವ್ವ ಬರುತ್ತದೆ ಎಂದು ನಿಮ್ಮ ಮಗುವೇ ಬಂದವರಿಗೆ ವಿವರಿಸಲಿ.

ನವೆಂಬರ್ 1ರ ಬೆಳಿಗ್ಗೆ ಕನ್ನಡಿಗರ ಮನೆಯಲ್ಲಿ ಬಾಗಿಲಿಗೆ ಬೇರೆ ಬಣ್ಣ ಬೇಕು. ಬಾವಲಿಗಳು ಇಳಿಯಲಿ, ಅದೇ ದಾರಕ್ಕೆ ರಾಜ್ಯೋತ್ಸವದ ಹಳದಿ ಕೆಂಪು ಪತಾಕೆಗಳು ಏರಲಿ. ಕುಂಬಳಕಾಯಿಗೆಂದು ತಂದ ಬಿಳಿ ಹಾಳೆಗಳಲ್ಲಿ ಉಳಿದದ್ದಕ್ಕೆ ಹಳದಿ, ಕೆಂಪು ಬಣ್ಣ ತುಂಬಿ ಹಿಂದಿನ ದಿನವೇ ತ್ರಿಕೋನಗಳಾಗಿ ಕತ್ತರಿಸಿ ಇಟ್ಟುಕೊಳ್ಳಿ. ತೋರಣವನ್ನು ಮತ್ತೆ ಬೀಸಣಿಗೆಯಂತೆ ಮಡಚಿ, ಅಸ್ಥಿಪಂಜರದ ಕೈಕಾಲುಗಳನ್ನು ಎದೆಯ ಮೇಲೆ ಮಡಿಸಿ, ಭೂತದ ಮನೆಯ ಅಂಟುಪಟ್ಟಿ ಬಿಡಿಸಿ ಚಪ್ಪಟೆ ಮಾಡಿ ಒಂದು ದಪ್ಪ ಫೈಲಿನಲ್ಲಿಡಿ. ಎಣ್ಣೆ ಹಚ್ಚಿದ ಕಿಟಕಿ ಹಾಳೆಗಳನ್ನು ಮಾತ್ರ ಬಿಡಿಸಿ ಎಸೆಯಿರಿ. ಎಣ್ಣೆ ಕಮಟು ಹಿಡಿದು ಪಕ್ಕದ ಕಾಗದಕ್ಕೂ ಇಳಿಯುತ್ತದೆ, ಮುಂದಿನ ವರ್ಷ ಕಿಟಕಿಯಿಂದ ಯಾರು ಇಣುಕಬೇಕು ಎಂಬುದನ್ನು ಮಕ್ಕಳು ಹೇಗೂ ಹೊಸದಾಗಿ ಬರೆಯುತ್ತಾರೆ.